ಒಲೆಯ ಹೊಗೆ ಎಲ್ಲಿಗೆ ಹೋಗುತ್ತದೆ?

ನಾನು ಹುಟ್ಟಿ ಬೆಳೆದದ್ದು ತುಮಕೂರು ಸೀಮೆಯ ಒಂದು ಹೆಂಚಿನ ಮನೆಯಲ್ಲಿ. ಅದರ ಅಡುಗೆಮನೆಗೆ ಇದ್ದ ಬಣ್ಣ ಒಂದೇ: ಕಪ್ಪು. ತೊಲೆ ಕಪ್ಪು, ಜಂತೆ ಕಪ್ಪು, ಹೆಂಚಿನ ಒಳಮೈ ಕಪ್ಪು. ಮೂಲೆಯಲ್ಲಿ ಜೋಲಾಡುತ್ತಿದ್ದ ಜೇಡರ ಬಲೆಗೂ ಇಲ್ಲಣ ಹಿಡಿದು ಅದು ಕರಿಯ ನೂಲಿನ ಹಾಗೆ ಕಾಣುತ್ತಿತ್ತು. ವರ್ಷಕ್ಕೊಮ್ಮೆ ಯುಗಾದಿಯ ಮುಂಚೆ, ಉದ್ದನೆಯ ಗಳುವಿಗೆ ಪೊರಕೆ ಕಟ್ಟಿ ಇಲ್ಲಣ ಹೊಡೆಯುವ ಕೆಲಸ ಮಕ್ಕಳಾದ ನಮ್ಮ ಪಾಲಿಗೆ ಬರುತ್ತಿತ್ತು. ಅಂಥ ಒಂದು ದಿನ, ಹಸಿ ಸೌದೆಯನ್ನು ಊದುಕೊಳವೆಯಿಂದ ಊದಿ ಊದಿ ಸೋತು ಕುಳಿತಿದ್ದ ನನ್ನ ತಾಯಿಯನ್ನು ನಾನು ಕೇಳಿದೆ: "ಅಮ್ಮಾ, ಇಷ್ಟೊಂದು ಹೊಗೆ ಎಲ್ಲಿಗೆ ಹೋಗುತ್ತೆ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಅರ್ಧ ಆಕಾಶಕ್ಕೆ, ಅರ್ಧ ನನ್ನೊಳಕ್ಕೆ" ಎಂದಳು.

ಆ ಮಾತು ವಿಜ್ಞಾನದ ದೃಷ್ಟಿಯಿಂದಲೂ ಸರಿಯಾದದ್ದೆಂದು ತಿಳಿಯುವುದಕ್ಕೆ ನನಗೆ ಬಹಳ ವರ್ಷ ಬೇಕಾಯಿತು. ಆಕಾಶಕ್ಕೆ ಹೋದ ಅರ್ಧ ಏನು ಮಾಡುತ್ತದೆ, ಅದನ್ನು ತಡೆಯಲು ನಮ್ಮ ಸರ್ಕಾರವೂ ಲೋಕದ ಇತರ ಸರ್ಕಾರಗಳೂ ಏನೇನು ಮಾಡಿವೆ, ಯಾವುದು ಕೈಗೂಡಿತು, ಯಾವುದು ಏಕೆ ಕೈಗೂಡಲಿಲ್ಲ - ಇದೇ ಈ ಹೊತ್ತಿನ ನನ್ನ ಮಾತಿನ ವಿಷಯ.

ಭೂಮಿ ಬಿಸಿಯಾಗುತ್ತಿದೆಯೆಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದಕ್ಕೆ ಮುಖ್ಯ ಕಾರಣ ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲುಗಳನ್ನು ಉರಿಸಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡು ಎಂಬುದೂ ನಿಮಗೆ ತಿಳಿದಿದೆ. ಆದರೆ ಅದೊಂದೇ ಅಲ್ಲ. ಅದರ ಜೊತೆಗೆ ಇನ್ನು ನಾಲ್ಕು ಮಂದಿ ಇದ್ದಾರೆ. ಮೊದಲನೆಯದು ಮಸಿಯ ಕಣ. ವಿಜ್ಞಾನಿಗಳು ಇದನ್ನು ಕಪ್ಪು ಇಂಗಾಲ ಎನ್ನುತ್ತಾರೆ. ಎರಡನೆಯದು ಮೀಥೇನ್ ಅನಿಲ. ಮೂರನೆಯದು ನೆಲಮಟ್ಟದ ಓಜೋನ್. ನಾಲ್ಕನೆಯದು ತಂಗಳುಪೆಟ್ಟಿಗೆ ಮತ್ತು ಹವಾನಿಯಂತ್ರಣ ಯಂತ್ರಗಳಲ್ಲಿ ಬಳಸುವ ಹೈಡ್ರೋಫ್ಲೂರೋಕಾರ್ಬನ್ ಎಂಬ ಅನಿಲಗಳ ಬಳಗ. ಈ ನಾಲ್ವರಿಗೂ ಸೇರಿ ಅಲ್ಪಾಯುಷಿ ವಾಯುಗುಣ ಮಾಲಿನ್ಯಕಾರಕಗಳು ಎಂದು ಹೆಸರು.

ಅಲ್ಪಾಯುಷಿ ಎಂದರೆ ಎಷ್ಟು ಆಯುಸ್ಸು? ಮಸಿಯ ಕಣ ಗಾಳಿಯಲ್ಲಿರುವುದು ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ. ಮಳೆ ಬಂದರೆ ತೊಳೆದುಹೋಗುತ್ತದೆ. ಓಜೋನಿನದು ಗಂಟೆಗಳಿಂದ ವಾರಗಳವರೆಗಿನ ಬಾಳು. ಮೀಥೇನ್ ಸುಮಾರು 12 ವರ್ಷ ಇರುತ್ತದೆ. ಹೈಡ್ರೋಫ್ಲೂರೋಕಾರ್ಬನ್‌ಗಳು ಸರಾಸರಿ 15 ವರ್ಷ. ಇಂಗಾಲದ ಡೈಆಕ್ಸೈಡಾದರೋ, ನಾವು ಇಂದು ಬಿಟ್ಟದ್ದರ ದೊಡ್ಡ ಭಾಗ ಶತಮಾನಗಳವರೆಗೆ ಉಳಿಯುತ್ತದೆ. ಇದನ್ನು ಒಂದು ಹೋಲಿಕೆಯಿಂದ ಹೇಳುತ್ತೇನೆ. ಇಂಗಾಲದ ಡೈಆಕ್ಸೈಡು ಕೆರೆಯ ಹೂಳಿನಂತೆ. ಈ ವರ್ಷ ಹೊಸ ಹೂಳು ಬಾರದಂತೆ ಮಾಡಿದರೂ ಅಜ್ಜನ ಕಾಲದ ಹೂಳು ತಳದಲ್ಲಿ ಹಾಗೆಯೇ ಇರುತ್ತದೆ. ಅಲ್ಪಾಯುಷಿಗಳಾದರೋ ತೂತುಕೊಡದ ನೀರಿನಂತೆ. ಮೇಲಿನಿಂದ ಸುರಿಯುತ್ತಿರುವವರೆಗೆ ಕೊಡ ತುಂಬಿರುತ್ತದೆ. ಸುರಿಯುವುದನ್ನು ನಿಲ್ಲಿಸಿದರೆ ಬಹುಬೇಗ ಬರಿದಾಗುತ್ತದೆ.

ಆಯುಸ್ಸು ಅಲ್ಪವೆಂದು ಶಕ್ತಿ ಅಲ್ಪವೆನ್ನುವಂತಿಲ್ಲ. 20 ವರ್ಷಗಳ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಂದು ಕಿಲೋ ಮೀಥೇನು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು ಬಿಸಿಯನ್ನು ಹಿಡಿದಿಡುತ್ತದೆ. 100 ವರ್ಷಗಳ ಲೆಕ್ಕದಲ್ಲಿ ಸುಮಾರು 28 ಪಟ್ಟು. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ನೂರು ಕೋಟಿ ಅಣುಗಳಲ್ಲಿ ಮೀಥೇನಿನ ಅಣುಗಳು ಸುಮಾರು 700 ಇದ್ದವು. ಈಗ 1,900ನ್ನು ಮೀರಿವೆ. 2010ರಿಂದ 2019ರ ದಶಕದ ಹೊತ್ತಿಗೆ ಭೂಮಿ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. ಇದರಲ್ಲಿ ಇಂಗಾಲದ ಡೈಆಕ್ಸೈಡಿನ ಪಾಲು ಸುಮಾರು 0.8 ಡಿಗ್ರಿ, ಮೀಥೇನಿನ ಪಾಲು ಸುಮಾರು 0.5 ಡಿಗ್ರಿ. ಎರಡನ್ನು ಕೂಡಿದರೆ 1.1ನ್ನು ಮೀರುತ್ತದಲ್ಲ ಎಂದು ಲೆಕ್ಕ ಬಲ್ಲವರು ಕೇಳಬಹುದು. ಗಂಧಕದ ಹೊಗೆಯಿಂದ ಹುಟ್ಟುವ ಬಿಳಿಯ ಕಣಗಳು ಬಿಸಿಲನ್ನು ಹಿಂದಕ್ಕೆ ಎಸೆದು ಭೂಮಿಗೆ ಸ್ವಲ್ಪ ನೆರಳು ಹಿಡಿದಿವೆ. ಅದನ್ನು ಕಳೆದ ಮೇಲೆ ಉಳಿದದ್ದೇ ಈ 1.1 ಡಿಗ್ರಿ.

ಇನ್ನು ಮಸಿ. ಕಪ್ಪು ಬಟ್ಟೆ ಬಿಸಿಲಿನಲ್ಲಿ ಬೇಗ ಕಾಯುವಂತೆ ಗಾಳಿಯಲ್ಲಿ ತೇಲುವ ಕಪ್ಪು ಕಣ ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಕಾಯಿಸುತ್ತದೆ. ಹಿಮಾಲಯದ ಬಿಳಿಯ ಹಿಮದ ಮೇಲೆ ಬಿದ್ದರೆ ಹಿಮ ಮಾಸುತ್ತದೆ. ಮಾಸಿದ ಹಿಮ ಬೇಗ ಕರಗುತ್ತದೆ. 1999ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ವಿಮಾನ, ಹಡಗು, ಉಪಗ್ರಹಗಳ ನೆರವಿನಿಂದ ಹಿಂದೂ ಮಹಾಸಾಗರದ ಮೇಲಣ ಗಾಳಿಯನ್ನು ಪರೀಕ್ಷಿಸಿದರು. ಚಳಿಗಾಲದಲ್ಲಿ ನಮ್ಮ ಉಪಖಂಡದಿಂದ ಹೊರಟ ಕಂದುಬಣ್ಣದ ಒಂದು ಮಬ್ಬು ಸುಮಾರು ಮೂರು ಕಿಲೋಮೀಟರ್ ದಪ್ಪಕ್ಕೆ ಸಮುದ್ರದ ಮೇಲೆ ಬಹುದೂರ ಹಬ್ಬಿದ್ದು ಅವರಿಗೆ ಕಂಡಿತು. ನಮ್ಮ ಅಡುಗೆಮನೆಗಳ ಇಲ್ಲಣವೂ ಅದರಲ್ಲಿ ಸೇರಿತ್ತು. ನನ್ನ ತಾಯಿಯ ಮಾತಿನ ಮೊದಲ ಅರ್ಧಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಆ ಶೋಧನೆಯ ನಾಯಕರಲ್ಲಿ ಒಬ್ಬರು ವೀರಭದ್ರನ್ ರಾಮನಾಥನ್. ಬಾಲ್ಯದ ಕೆಲವು ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. ಮುಂದೆ ಅಲ್ಲಿಯ ಭಾರತೀಯ ವಿಜ್ಞಾನ ಮಂದಿರದಲ್ಲೇ ಸ್ನಾತಕೋತ್ತರ ವ್ಯಾಸಂಗ ಮಾಡಿದವರು. ಅದಕ್ಕೆ ಮುಂಚೆ ಸಿಕಂದರಾಬಾದಿನ ತಂಗಳುಪೆಟ್ಟಿಗೆಯ ಕಾರ್ಖಾನೆಯೊಂದರಲ್ಲಿ ಅವರು ಎಂಜಿನಿಯರ್ ಆಗಿದ್ದರು. ಪೆಟ್ಟಿಗೆಯಿಂದ ತಂಪುಮಾಡುವ ಅನಿಲ ಏಕೆ ಸೋರಿಹೋಗುತ್ತದೆ ಎಂದು ನೋಡುವುದು ಅಲ್ಲಿ ಅವರ ಕೆಲಸವಾಗಿತ್ತು. ಆ ಅನಿಲವೇ ಕ್ಲೋರೋಫ್ಲೂರೋಕಾರ್ಬನ್. ಮುಂದೆ ಅಮೆರಿಕಕ್ಕೆ ಹೋದ ಅವರು 1975ರಲ್ಲಿ, ಈ ಅನಿಲದ ಒಂದು ಅಣು ಇಂಗಾಲದ ಡೈಆಕ್ಸೈಡಿನ ಒಂದು ಅಣುವಿಗಿಂತ ಹತ್ತು ಸಾವಿರ ಪಟ್ಟಿಗೂ ಮೀರಿ ಬಿಸಿಯನ್ನು ಹಿಡಿಯಬಲ್ಲುದೆಂದು ತೋರಿಸಿಕೊಟ್ಟರು. ಭೂಮಿಯನ್ನು ಬಿಸಿಮಾಡುವ ಅನಿಲ ಒಂದೇ ಅಲ್ಲವೆಂಬ ತಿಳಿವಳಿಕೆಗೆ ಇದು ದೊಡ್ಡ ಮೆಟ್ಟಿಲಾಯಿತು.

ಕೊಡ ತೂತಾಗಿದೆ, ಸುರಿಯುವುದನ್ನು ನಿಲ್ಲಿಸಿದರೆ ಸಾಕು ಎಂದು ತಿಳಿದ ಮೇಲೆ ಸರ್ಕಾರಗಳಿಗೆ ಒಂದು ಆಸೆ ಹುಟ್ಟಿದ್ದು ಸಹಜ. 2011ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವೂ ವಿಶ್ವ ಪವನವಿಜ್ಞಾನ ಸಂಸ್ಥೆಯೂ ಕೂಡಿ ಒಂದು ವರದಿಯನ್ನು ಹೊರತಂದವು. ಮಸಿ ಮತ್ತು ಮೀಥೇನುಗಳನ್ನು ಕಡಿಮೆಮಾಡುವ, ಆಗಲೇ ಗೊತ್ತಿದ್ದ 16 ಕ್ರಮಗಳನ್ನು ಎಲ್ಲೆಡೆ ಕೈಗೊಂಡರೆ 2050ರ ಹೊತ್ತಿಗೆ ಸುಮಾರು ಅರ್ಧ ಡಿಗ್ರಿಯಷ್ಟು ಬಿಸಿಯನ್ನು ತಪ್ಪಿಸಬಹುದೆಂದು ಅದು ಹೇಳಿತು. ಮರುವರ್ಷ, 2012ರ ಫೆಬ್ರವರಿಯಲ್ಲಿ, ಬಾಂಗ್ಲಾದೇಶ, ಕೆನಡ, ಘಾನಾ, ಮೆಕ್ಸಿಕೊ, ಸ್ವೀಡನ್, ಅಮೆರಿಕ ಈ ಆರು ದೇಶಗಳು ಸೇರಿ ವಾಯುಗುಣ ಮತ್ತು ಶುದ್ಧವಾಯು ಒಕ್ಕೂಟವನ್ನು ಕಟ್ಟಿದವು. ಭಾರತ 2019ರಲ್ಲಿ ಅದನ್ನು ಸೇರಿತು.

ಒಕ್ಕೂಟಗಳು ಹುಟ್ಟುವುದಕ್ಕೆ ಬಹಳ ಮುಂಚೆಯೇ ನಮ್ಮಲ್ಲಿ ಹೊಗೆಯ ಮೇಲಿನ ಯುದ್ಧ ಆರಂಭವಾಗಿತ್ತು. ವಾಯುಗುಣದ ಚಿಂತೆಯಿಂದ ಅಲ್ಲ. ಸೌದೆಯ ಚಿಂತೆಯಿಂದ, ಹೆಣ್ಣುಮಕ್ಕಳ ಕಣ್ಣುರಿಯ ಚಿಂತೆಯಿಂದ. ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಘಟಕ ಹುಟ್ಟಿಕೊಂಡಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಗುರಿ. ನಮ್ಮ ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅವರು ಒಂದು ಕೇಂದ್ರವನ್ನು ತೆರೆದರು. ಅಲ್ಲಿಯ ಕೆಲಸದ ಫಲವೇ ಪ್ರಸಿದ್ಧವಾದ ಅಸ್ತ್ರ ಒಲೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಕ್ತಿಯ ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ಮುಟ್ಟುತ್ತಿತ್ತು, ಉಳಿದದ್ದು ಗಾಳಿಪಾಲು. ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆಗಳಿಗೆ ಸಾಲಾಗಿ ಉರಿ ತಗಲುವಂತೆ ದಾರಿ ಮಾಡಿ, ಗಾಳಿಯನ್ನು ಅಳತೆಯಿಂದ ಒಳಬಿಟ್ಟು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿದರು. ಸೌದೆಯ ಉಪಯೋಗ ಮೂರು ಪಟ್ಟಿಗೂ ಮಿಕ್ಕಿತು.

1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೈಗೊಂಡಿತು. 2002ರಲ್ಲಿ ಅದು ಮುಗಿಯುವ ಹೊತ್ತಿಗೆ ದೇಶದಲ್ಲಿ ಹಂಚಿದ ಒಲೆಗಳ ಸಂಖ್ಯೆ ಸುಮಾರು ಮೂರೂವರೆ ಕೋಟಿ. ಅಂಥ ಒಂದು ಹೊಗೆರಹಿತ ಒಲೆ ನಮ್ಮ ಮನೆಗೂ ಬಂದಿತು. ಒಲೆ ಹಾಕಿದವನು ಅರ್ಧ ದಿನದಲ್ಲಿ ಕೆಲಸ ಮುಗಿಸಿ, ಗೋಡೆಯ ಮೇಲೆ ಒಂದು ಸಂಖ್ಯೆಯನ್ನು ಬರೆದು ಹೋದನು. ಮೊದಲ ಕೆಲವು ತಿಂಗಳು ತಾಯಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬಂದ ನೆಂಟರಿಗೆಲ್ಲ ತನ್ನ ಅಡುಗೆಮನೆಯ ಗೋಡೆಯನ್ನು ತೋರಿಸುತ್ತಿದ್ದಳು. ಆಮೇಲೆ ಕೊಳವೆಯಲ್ಲಿ ಮಸಿ ಕಟ್ಟಿತು. ಅದನ್ನು ತೆಗೆಯುವ ಬಗೆಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಒಲೆಯ ಬಾಯಿ ಬಿರುಕುಬಿಟ್ಟಿತು, ಮುಚ್ಚುವವರು ಬರಲಿಲ್ಲ. ಮಳೆಗಾಲದಲ್ಲಿ ಕೊಳವೆಯ ಟೊಪ್ಪಿಗೆ ಹಾರಿಹೋಗಿ ನೀರು ಒಳಗೆ ಇಳಿಯಿತು. ಎರಡನೆಯ ವರ್ಷ ಮುಗಿಯುವುದರೊಳಗೆ ತಾಯಿ ಮೂಲೆಯಲ್ಲಿದ್ದ ಮೂರು ಕಲ್ಲುಗಳನ್ನು ಮತ್ತೆ ಎಳೆದುಕೊಂಡಳು. ಗೋಡೆಯ ಮೇಲಿನ ಸಂಖ್ಯೆ ಮಾತ್ರ ಇಲ್ಲಣದ ಅಡಿಯಲ್ಲಿ ಬಹಳ ಕಾಲ ಉಳಿದಿತ್ತು.

ಅವಳ ಕೊನೆಯ ವರ್ಷಗಳಲ್ಲಿ ಉಬ್ಬಸ ಹೆಚ್ಚಿತು. ಪಟ್ಟಣದ ವೈದ್ಯರೊಬ್ಬರಿಗೆ ತೋರಿಸಿದೆ. ಅವರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇವರು ಎಷ್ಟು ವರ್ಷದಿಂದ ಬೀಡಿ ಸೇದುತ್ತಿದ್ದಾರೆ?" ಎಂದು ಕೇಳಿದರು. ಆಕೆ ಬೀಡಿಯನ್ನು ಕೈಯಲ್ಲಿ ಮುಟ್ಟಿದವಳಲ್ಲ. ಮಾತಿನ ಎರಡನೆಯ ಅರ್ಧಕ್ಕೂ ಹೀಗೆ ಸಾಕ್ಷಿ ಸಿಕ್ಕಿತು. ಇದು ನಮ್ಮ ಮನೆಯೊಂದರ ಕಥೆಯಲ್ಲ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಶ್ರೋತೃಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ತೂತುಕೊಡದ ಹೋಲಿಕೆಗೆ ಎರಡು ಮುಖಗಳಿವೆ. ಸುರಿಯುವುದನ್ನು ನಿಲ್ಲಿಸಿದರೆ ಕೊಡ ಬೇಗ ಬರಿದಾಗುತ್ತದೆ ಎಂಬುದು ಒಂದು ಮುಖ. ಮತ್ತೆ ಸುರಿದರೆ ಅಷ್ಟೇ ಬೇಗ ತುಂಬುತ್ತದೆ ಎಂಬುದು ಇನ್ನೊಂದು. ನಮ್ಮ ಹೊಸ ಒಲೆ ಎರಡು ವರ್ಷ ತಡೆದ ಮಸಿಯ ಲಾಭ, ಮೂರು ಕಲ್ಲು ಹೂಡಿದ ಕೆಲವೇ ವಾರಗಳಲ್ಲಿ ಗಾಳಿಯಿಂದ ಅಳಿಸಿಹೋಯಿತು. ಆದ್ದರಿಂದ ಹಂಚಿದ ಒಲೆಗಳನ್ನು ಎಣಿಸುವುದರಿಂದ ಏನೂ ತಿಳಿಯದು. ಇಂದು ಬೆಳಗ್ಗೆ ಎಷ್ಟು ಮನೆಗಳಲ್ಲಿ ಹೊಗೆಯಿಲ್ಲದೆ ಅನ್ನ ಬೆಂದಿತು ಎಂಬುದನ್ನು ಎಣಿಸಬೇಕು. ಅಲ್ಪಾಯುಷಿ ಮಾಲಿನ್ಯಕ್ಕೆ ಅಲ್ಪಾಯುಷಿ ಯೋಜನೆ ಮದ್ದಾಗಲಾರದು.

ಮುಂದಿನ ದೊಡ್ಡ ಹೆಜ್ಜೆಯಲ್ಲಿ ಈ ಪಾಠ ಭಾಗಶಃ ಕಾಣಿಸುತ್ತದೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲಾ ಯೋಜನೆ ಆರಂಭವಾಯಿತು. ಬಡ ಮನೆಗಳಿಗೆ, ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಅಡುಗೆ ಅನಿಲದ ಸಂಪರ್ಕ ಕೊಡುವುದು ಇದರ ಉದ್ದೇಶ. 2019ರ ಸೆಪ್ಟೆಂಬರ್ ಹೊತ್ತಿಗೆ 8 ಕೋಟಿ ಸಂಪರ್ಕಗಳಾದವು. ಮುಂದೆ ಆ ಸಂಖ್ಯೆ 10 ಕೋಟಿಯನ್ನು ದಾಟಿತು. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ಮನೆಗಳ ಬಾಗಿಲಿಗೆ ಸಿಲಿಂಡರು ಮುಟ್ಟಿದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಮೊದಲ ಸಿಲಿಂಡರು ಬರುವುದು ಒಂದು ಮಾತು, ಅದು ಖಾಲಿಯಾದಾಗ ಎರಡನೆಯದು ಬರುವುದು ಇನ್ನೊಂದು ಮಾತು. 2019-20ರಲ್ಲಿ ಈ ಯೋಜನೆಯ ಒಂದು ಕುಟುಂಬ ವರ್ಷಕ್ಕೆ ತುಂಬಿಸಿಕೊಂಡದ್ದು ಸರಾಸರಿ 3 ಸಿಲಿಂಡರು. ವರ್ಷವಿಡೀ ಅನಿಲದಲ್ಲೇ ಅಡುಗೆ ಮಾಡುವ ಮನೆಗೆ ಇದರ ಎರಡರಷ್ಟಾದರೂ ಬೇಕು. ಉಳಿದ ತಿಂಗಳುಗಳಲ್ಲಿ ಆ ಮನೆಯಲ್ಲಿ ಉರಿದದ್ದು ಏನೆಂದು ನಾನು ಹೇಳಬೇಕಾಗಿಲ್ಲ. ಸರ್ಕಾರ ಇದನ್ನು ಕಂಡುಕೊಂಡಿತೆಂದೇ ಹೇಳಬೇಕು. 2022ರ ಮೇ ತಿಂಗಳಲ್ಲಿ ಪ್ರತಿ ಮರುಪೂರಣಕ್ಕೆ 200 ರೂಪಾಯಿಯ ಸಹಾಯಧನವನ್ನು ಘೋಷಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 300 ರೂಪಾಯಿಗೆ ಏರಿಸಿತು. 2023-24ರಲ್ಲಿ ಸರಾಸರಿ 4ರ ಸಮೀಪಕ್ಕೆ ಬಂದಿತು. ಒಲೆ ಕೊಟ್ಟ ಮೇಲೆ ಒಲೆಯ ಹಿಂದೆಯೇ ಹೋಗಬೇಕೆಂಬುದಕ್ಕೆ ಇದು ದೃಷ್ಟಾಂತ.

ಅಡುಗೆಮನೆಯ ಪಕ್ಕದಲ್ಲೇ ಇನ್ನೊಂದು ಸಣ್ಣ ಹೊಗೆ ಇದ್ದಿತು - ಸೀಮೆಎಣ್ಣೆಯ ಬುಡ್ಡಿ. ನಾವೆಲ್ಲ ಓದಿದ್ದು ಅದರ ಬೆಳಕಿನಲ್ಲೇ. ಅಂಥ ಬತ್ತಿಯ ದೀಪದಲ್ಲಿ ಉರಿಯುವ ಎಣ್ಣೆಯ ತೂಕದ ನೂರಕ್ಕೆ 7ರಿಂದ 9 ಭಾಗ ಶುದ್ಧ ಮಸಿಯಾಗಿ ಹಾರುತ್ತದೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸೌದೆಯ ಹೊಗೆಯಲ್ಲಿ ಬಿಸಿಲನ್ನು ಚದುರಿಸಿ ತಂಪುಮಾಡುವ ಕಣಗಳೂ ಬೆರೆತಿರುತ್ತವೆ. ಬುಡ್ಡಿಯ ಹೊಗೆ ಹೆಚ್ಚುಕಡಿಮೆ ಬರಿಯ ಕಪ್ಪೇ. ವಿದ್ಯುತ್ತು ಮನೆಮನೆಗೆ ಬಂದಂತೆ ಬುಡ್ಡಿ ತಾನಾಗಿ ಆರಿತು. ಯಾರೂ ಅದನ್ನು ಮತ್ತೆ ಹೊತ್ತಿಸಲು ಬಯಸಲಿಲ್ಲ. ಹಿಂದಿನದಕ್ಕಿಂತ ಹೊಸದು ನಿಜವಾಗಿಯೂ ಸುಲಭವಾಗಿದ್ದರೆ ಜನ ಹಿಂದಿರುಗಿ ನೋಡುವುದಿಲ್ಲ.

ಮನೆಯ ಒಲೆಗಳು ಕೋಟಿಗಟ್ಟಲೆ. ಆದರೆ ಕೆಲವು ಮಾಲಿನ್ಯಗಳ ಮೂಲ ಕೈಬೆರಳೆಣಿಕೆಯ ಕಾರ್ಖಾನೆಗಳಲ್ಲಿದೆ. ಅಲ್ಲಿ ಸರ್ಕಾರದ ಕೆಲಸ ಸುಲಭ. ಓಜೋನ್ ಪದರವನ್ನು ಹರಿಯುತ್ತಿದ್ದ ಕ್ಲೋರೋಫ್ಲೂರೋಕಾರ್ಬನ್‌ಗಳನ್ನು 1987ರ ಮಾಂಟ್ರಿಯಲ್ ಒಪ್ಪಂದ ಕ್ರಮೇಣ ನಿಲ್ಲಿಸಿತು. ಅವುಗಳ ಜಾಗಕ್ಕೆ ಬಂದ ಹೈಡ್ರೋಫ್ಲೂರೋಕಾರ್ಬನ್‌ಗಳು ಓಜೋನ್ ಪದರಕ್ಕೆ ಹಾನಿ ಮಾಡಲಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ಹಿಂದಿನವರ ವಾರಸುದಾರರೇ ಆದವು. 2016ರ ಅಕ್ಟೋಬರಿನಲ್ಲಿ ರುವಾಂಡ ದೇಶದ ಕಿಗಾಲಿಯಲ್ಲಿ ಸೇರಿದ ರಾಷ್ಟ್ರಗಳು ಇವನ್ನೂ ಇಳಿಸಲು ಒಪ್ಪಿದವು. ಭಾರತ 2021ರಲ್ಲಿ ಈ ತಿದ್ದುಪಡಿಯನ್ನು ಅನುಮೋದಿಸಿತು. ಅದರಂತೆ ನಮ್ಮ ದೇಶ ತನ್ನ ಬಳಕೆಯನ್ನು 2032ರಲ್ಲಿ ನೂರಕ್ಕೆ 10, 2037ರಲ್ಲಿ 20, 2042ರಲ್ಲಿ 30, 2047ರಲ್ಲಿ 85ರಷ್ಟು ಇಳಿಸಬೇಕು. ಲೋಕವೆಲ್ಲ ಹೀಗೆ ನಡೆದುಕೊಂಡರೆ ಶತಮಾನದ ಕೊನೆಗೆ ಅರ್ಧ ಡಿಗ್ರಿಯವರೆಗೆ ಬಿಸಿ ತಪ್ಪುತ್ತದೆಂದು ಅಂದಾಜು. ಇಲ್ಲಿ ಗೃಹಿಣಿಯ ಮನಸ್ಸನ್ನು ಒಲಿಸಬೇಕಾಗಿಲ್ಲ. ಪೆಟ್ಟಿಗೆಯೊಳಗಿನ ಅನಿಲ ಬದಲಾದದ್ದು ಅವಳಿಗೆ ತಿಳಿಯುವುದೂ ಇಲ್ಲ. ಹಾಲು ಎಂದಿನಂತೆ ತಣ್ಣಗಿರುತ್ತದೆ.

ವಾಹನಗಳ ವಿಷಯವೂ ಇಂಥದೇ. 2020ರ ಏಪ್ರಿಲ್ 1ರಿಂದ ದೇಶವು ಐದನೆಯ ಮೆಟ್ಟಿಲನ್ನು ಹಾರಿ ನೇರವಾಗಿ ಭಾರತ್ ಸ್ಟೇಜ್ 6 ಎಂಬ ಮಾನಕಕ್ಕೆ ಏರಿತು. ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 50 ಭಾಗದಿಂದ 10ಕ್ಕೆ ಇಳಿಯಿತು. ಗಂಧಕ ಇಳಿದದ್ದರಿಂದ ಮಸಿಯನ್ನು ಹಿಡಿದು ಸುಡುವ ಜರಡಿಯನ್ನು ಹೊಸ ಡೀಸೆಲ್ ವಾಹನಗಳಿಗೆ ಅಳವಡಿಸಲು ಸಾಧ್ಯವಾಯಿತು. ಹಳೆಯ ಲಾರಿಗಳು ಮಾತ್ರ ರಸ್ತೆಯಿಂದ ಇಳಿಯುವವರೆಗೂ ತಮ್ಮ ಕರಿಯ ಬಾಲವನ್ನು ಎಳೆದುಕೊಂಡೇ ಓಡುತ್ತವೆ. ಇಟ್ಟಿಗೆಯ ಗೂಡುಗಳಿಗೆ 2022ರ ಫೆಬ್ರವರಿಯಲ್ಲಿ ಕೇಂದ್ರದ ನಿಯಮ ಬಂದಿತು: ಬಿಸಿಗಾಳಿ ಇಟ್ಟಿಗೆಗಳ ನಡುವೆ ಅಂಕುಡೊಂಕಾಗಿ ಹರಿಯುವಂತೆ ಜೋಡಿಸಬೇಕು, ಇಲ್ಲವೆ ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದಂಥ ಶುದ್ಧ ಇಂಧನಕ್ಕೆ ಬದಲಾಗಬೇಕು. ಅಂಕುಡೊಂಕಿನ ದಾರಿಯಲ್ಲಿ ಗಾಳಿ ಚೆನ್ನಾಗಿ ಬೆರೆತು ಕಲ್ಲಿದ್ದಲು ಪೂರ್ತಿ ಉರಿಯುತ್ತದೆ. ಮಸಿಯೂ ಕಡಿಮೆ, ಕಲ್ಲಿದ್ದಲಿನ ಖರ್ಚೂ ಕಡಿಮೆ. ಮಸಿಯೆಂದರೆ ಅರೆಬೆಂದ ಇಂಧನವಲ್ಲದೆ ಬೇರೇನಲ್ಲ. ಅದನ್ನು ಗಾಳಿಗೆ ಬಿಡುವವನು ಹಣವನ್ನೇ ಗಾಳಿಗೆ ಬಿಡುತ್ತಾನೆ.

ಎಲ್ಲಕ್ಕಿಂತ ಕಷ್ಟವಾದದ್ದು ಮೀಥೇನಿನ ಪ್ರಶ್ನೆ. ಏಕೆಂದರೆ ಅದು ನಮ್ಮ ಕೊಟ್ಟಿಗೆಯಲ್ಲಿದೆ, ನಮ್ಮ ಗದ್ದೆಯಲ್ಲಿದೆ. ಹಸು, ಎಮ್ಮೆ, ಕುರಿಗಳ ಮೊದಲ ಹೊಟ್ಟೆಯಲ್ಲಿ ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳು ಮೀಥೇನನ್ನು ಹುಟ್ಟಿಸುತ್ತವೆ. ಮೆಲುಕುಹಾಕುವಾಗ ಅದು ತೇಗಾಗಿ ಹೊರಬರುತ್ತದೆ. 2019ರ ಜಾನುವಾರು ಗಣತಿಯಂತೆ ನಮ್ಮಲ್ಲಿ ದನಗಳು 19 ಕೋಟಿಗೂ ಹೆಚ್ಚು, ಎಮ್ಮೆಗಳು ಸುಮಾರು 11 ಕೋಟಿ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿಯೂ ಗಾಳಿಯಿಲ್ಲದೆ ಕೊಳೆಯುವ ಸಸ್ಯಭಾಗಗಳಿಂದ ಇದೇ ಅನಿಲ ಏಳುತ್ತದೆ. ಈ ಮೀಥೇನು ಬಿಸಿಲಿನಲ್ಲಿ, ವಾಹನದ ಹೊಗೆಯ ಸಹವಾಸದಲ್ಲಿ, ನೆಲಮಟ್ಟದ ಓಜೋನಿಗೂ ತಾಯಾಗುತ್ತದೆ. ಆ ಓಜೋನು ಮತ್ತೆ ಅದೇ ರೈತನ ಬೆಳೆಯನ್ನು ಕುಗ್ಗಿಸುತ್ತದೆ.

2021ರ ನವೆಂಬರಿನಲ್ಲಿ ಗ್ಲಾಸ್ಗೋ ನಗರದಲ್ಲಿ ಹಲವು ರಾಷ್ಟ್ರಗಳು, 2030ರೊಳಗೆ ಲೋಕದ ಮೀಥೇನನ್ನು 2020ರ ಮಟ್ಟಕ್ಕಿಂತ ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆ ಮಾಡಿದವು. ಭಾರತ ಆಗ ಅದಕ್ಕೆ ಸಹಿ ಹಾಕಲಿಲ್ಲ. ನಮ್ಮ ಮೀಥೇನು ಸಣ್ಣ ರೈತನ ಹಸುವಿನಿಂದ, ಅವನ ಭತ್ತದಿಂದ ಬರುವಂಥದು, ಅದು ಜೀವನೋಪಾಯದ ಪ್ರಶ್ನೆ, ಇಂಗಾಲದ ಡೈಆಕ್ಸೈಡಿನ ಹೊಣೆಯನ್ನು ಇದರ ಮೇಲೆ ಹೊರಿಸುವುದು ಸಲ್ಲದು ಎಂಬುದು ಸರ್ಕಾರದ ವಾದ. ಈ ವಾದದಲ್ಲಿ ಸತ್ಯವಿದೆ. ಒಂದೆರಡು ಹಸು ಕಟ್ಟಿಕೊಂಡ ವಿಧವೆಯ ತಲೆಯ ಮೇಲೆ ಲೋಕದ ಬಿಸಿಯ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಆದರೆ ವಾದ ಅಲ್ಲಿಗೇ ನಿಲ್ಲಬಾರದು. ರೈತನಿಗೂ ಲಾಭವಾಗುವ ದಾರಿಗಳಿವೆ. ಗದ್ದೆಗೆ ಒಂದೇ ಸಮನೆ ನೀರು ನಿಲ್ಲಿಸದೆ ಆಗಾಗ ಒಣಗಗೊಟ್ಟು ಮತ್ತೆ ಹಾಯಿಸಿದರೆ ಮೀಥೇನು ಇಳಿಯುತ್ತದೆ, ನೀರೂ ಉಳಿಯುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಒಗರಿನ ಅಂಶವುಳ್ಳ ಸಸ್ಯಗಳಿಂದ 'ಹರಿತ್ ಧಾರಾ' ಎಂಬ ಪೂರಕ ಮೇವನ್ನು ಸಿದ್ಧಪಡಿಸಿದ್ದಾರೆ. ಅದು ದನದ ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ತಗ್ಗಿಸುತ್ತದೆಂದೂ, ಉಳಿದ ಶಕ್ತಿ ಹಾಲಿಗೆ ಒದಗುತ್ತದೆಂದೂ ಅವರು ಹೇಳುತ್ತಾರೆ.

ಸಗಣಿಯ ಮೀಥೇನನ್ನು ಹಿಡಿದು ಉರಿಸುವ ಗೋಬರ್ ಅನಿಲ ನಮಗೆ ಹಳೆಯ ಪರಿಚಯ. ಅದರಲ್ಲಿಯೂ ಒಂದು ಪಾಠವಿದೆ. ಉಂಗ್ರದ ಬಳಿಯ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು ಊರಿಗೆಲ್ಲ ಒಂದು ಗೋಬರ್ ಅನಿಲ ಸ್ಥಾವರವನ್ನು ಕಟ್ಟಿ ಅಡುಗೆಗೆ ಅನಿಲ ಕೊಡಲು ಮೊದಲು ಯತ್ನಿಸಿದರು. ಊರಿನ ಸಗಣಿ ಅಷ್ಟು ಅನಿಲಕ್ಕೆ ಸಾಲಲಿಲ್ಲ. ಅವರು ಹಟ ಹಿಡಿಯದೆ ಊರಿಗೆ ಮುಖ್ಯವಾಗಿ ಬೇಕಾದದ್ದೇನೆಂದು ವಿಚಾರಿಸಿ, ಅದೇ ಅನಿಲದಿಂದ ಎಂಜಿನ್ನನ್ನು ಓಡಿಸಿ 1987ರಿಂದ ನಲ್ಲಿಗೆ ನೀರನ್ನೂ ಮನೆಗಳಿಗೆ ದೀಪವನ್ನೂ ಕೊಟ್ಟರು. ಅನಿಲ ತೆಗೆದ ಮೇಲಿನ ಗೊಬ್ಬರ ಸಗಣಿ ತಂದವರಿಗೇ ಹಿಂದಿರುಗುತ್ತಿತ್ತು. ಊರಿನವರೇ ಅದನ್ನು ನೋಡಿಕೊಂಡರು. ಹಲವು ವರ್ಷ ಅದು ನಡೆಯಿತು. ಈಚೆಗೆ ಪಟ್ಟಣಗಳ ಕಸಕ್ಕೂ ಇದೇ ಉಪಾಯ. ಇಂದೂರು ನಗರದಲ್ಲಿ ದಿನಕ್ಕೆ 550 ಟನ್ ಹಸಿ ಕಸದಿಂದ ಅನಿಲ ತೆಗೆಯುವ ಸ್ಥಾವರ 2022ರ ಫೆಬ್ರವರಿಯಲ್ಲಿ ಆರಂಭವಾಯಿತು. ಅದು ಸಾಧ್ಯವಾದದ್ದು ಮನೆಯ ಬಾಗಿಲಲ್ಲೇ ಹಸಿ ಕಸ, ಒಣ ಕಸ ಬೇರೆಯಾಗುವುದರಿಂದ. ಬೆರೆತ ಕಸ ಗುಡ್ಡವಾಗಿ ಕೊಳೆತು ಮೀಥೇನು ಬಿಡುತ್ತದೆ; ಬೇರೆಯಾದ ಕಸ ಅದೇ ಅನಿಲವನ್ನು ಕೊಳವೆಯೊಳಗೆ ಕೊಡುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಪಾಯುಷಿಗಳನ್ನು ತಡೆದರೆ ಸಾಕು, ಇಂಗಾಲದ ಡೈಆಕ್ಸೈಡಿನ ಗೊಡವೆ ಬೇಡ ಎಂದು ಯಾರಾದರೂ ಹೇಳಿದರೆ ಅವರನ್ನು ನಂಬಬೇಡಿ. ಹೂಳು ತುಂಬಿದ ಕೆರೆಗೆ ಕೊಡ ಬರಿದು ಮಾಡಿದ್ದು ಪರಿಹಾರವಲ್ಲ. ಆದರೆ ಹೂಳಿನ ಕೆಲಸದ ಫಲವನ್ನು ನಮ್ಮ ಮೊಮ್ಮಕ್ಕಳು ಕಂಡಾರು. ಹೊಗೆಯ ಕೆಲಸದ ಫಲವನ್ನು ನಾವೇ ಕಾಣಬಹುದು. ಮಸಿ ನಿಂತ ತಿಂಗಳಲ್ಲೇ ಒಂದು ತಾಯಿಯ ಕೆಮ್ಮು ಇಳಿಯುತ್ತದೆ. ಇಷ್ಟು ಬೇಗ ಕೂಲಿ ಕೊಡುವ ಪುಣ್ಯಕಾರ್ಯ ಇನ್ನೊಂದಿಲ್ಲ.

ಕಳೆದ ಯುಗಾದಿಗೆ ನಾನು ಊರಿಗೆ ಹೋಗಿದ್ದೆ. ತಮ್ಮನ ಮನೆಯ ಅಡುಗೆಮನೆಯಲ್ಲಿ ಈಗ ಅನಿಲದ ಒಲೆ. ಗೋಡೆಗೆ ತಿಳಿಹಳದಿ ಬಣ್ಣ. ಇಲ್ಲಣ ಹೊಡೆಯುವ ಗಳು ಕೊಟ್ಟಿಗೆಯ ಸೂರಿಗೆ ಸೇರಿದೆ. ಆದರೆ ಬೆಳಗಿನ ಜಾವ ಎದ್ದಾಗ ನನಗೆ ಪರಿಚಿತವಾದ ವಾಸನೆ ಬಂದಿತು. ಬಚ್ಚಲ ಹಂಡೆಯ ಅಡಿಯಲ್ಲಿ ತೆಂಗಿನ ಮಟ್ಟೆ, ಹಸಿ ಸೌದೆ ಹೊಗೆಯಾಡುತ್ತಿದ್ದವು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ನಾದಿನಿ ಊದುತ್ತಿದ್ದಳು. ಅದು ನನ್ನ ಎಣ್ಣೆಸ್ನಾನಕ್ಕೆಂದು ಕಾಯುತ್ತಿದ್ದ ನೀರು. ಯೋಜನೆಯ ಲೆಕ್ಕದಲ್ಲಿ ಆ ಮನೆ ಹೊಗೆಯಿಂದ ಬಿಡುಗಡೆ ಹೊಂದಿದ ಮನೆ. ಸರ್ಕಾರದ ಎಣಿಕೆಯ ತಪ್ಪನ್ನು ಇಷ್ಟು ಹೊತ್ತು ಎತ್ತಿ ಆಡಿದ ನಾನು, ಆ ಬಿಸಿನೀರಿಗೆ ಬೇಡವೆನ್ನದೆ ಎಷ್ಟು ವರ್ಷ ಮಿಂದಿದ್ದೇನೆಂದು ಅಂದು ಮೊದಲ ಬಾರಿಗೆ ಎಣಿಸಿದೆ. ತಮ್ಮನೊಡನೆ ಕುಳಿತು ಬಿಸಿಲಿನಿಂದ ನೀರು ಕಾಯಿಸುವ ಉಪಕರಣದ ಮಾತು ತೆಗೆದೆ. ಅದನ್ನು ತರಿಸಿದರೆ ಸಾಲದು, ಕೊಳವೆ ಕಟ್ಟಿಕೊಂಡ ದಿನ ಬಂದು ಸರಿಮಾಡುವವನ ಹೆಸರನ್ನೂ ಮೊದಲೇ ಬರೆದಿಟ್ಟುಕೊಳ್ಳೋಣ ಎಂದೆ. ಗೋಡೆಯ ಮೇಲೆ ಬರೆಯಬೇಕಾದ ಸಂಖ್ಯೆ ಯಾವುದಾದರೂ ಇದ್ದರೆ ಅದು ಅವನದು.